ಬಾಯಾರು ಬಿಡದ ಪ್ರಶ್ನೆ

ನಮ್ಮ ಬಾಯಾರಿಗೆ ‘ಆರಾಮ’ ಎಂಬ ಮಾತು ಆಗಿಬರುತ್ತಿರಲಿಲ್ಲ. ನಮ್ಮ ಕಡೆ ಆ ಮಾತಿಲ್ಲದೆ ಒಂದು ದಿನವೂ ಸಾಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಆರಾಮ, ಸಂತೆಯಲ್ಲಿ ಸಿಕ್ಕರೆ ಆರಾಮ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಬಾಗಿಲಲ್ಲಿ ಮೊದಲು ಆರಾಮ. ದವಾಖಾನೆಯ ಮಂಚದ ಮೇಲೆ ಮಲಗಿದ ಬಾಣಂತಿ ಕೂಡ “ಆರಾಮ ಅದೀನ್ರಿ” ಎನ್ನುವಳು. ಆಗ ಬಾಯಾರು ಮಂಚದ ಅಂಚಿಗೆ ಕುಳಿತು, ಹೊದಿಕೆಯ ಕೆಳಗೆ ಕೈ ಹಾಕಿ ಹೊಟ್ಟೆ ಮುಟ್ಟಿ ನೋಡುತ್ತ, “ಆರಾಮ ಅನ್ನೂದು ಉತ್ತರ ಅಲ್ಲ ತಂಗಿ, ಅದು ಬಾಗಲಾ ಹಾಕ್ಕೊಳ್ಳೂ ಸಪ್ಪಳ. ಈಗ ಏನ ಅನಸಾಕತ್ತೈತಿ, ಅದನ್ನ ಹೇಳು” ಎನ್ನುತ್ತಿದ್ದರು.

ಅವರು ಮೊನ್ನೆ ನಿವೃತ್ತರಾದರು. ಊರಿನ ಸರಕಾರಿ ದವಾಖಾನೆಯ ಹೆರಿಗೆ ಕೋಣೆಯಲ್ಲಿ ಇಡೀ ಚಾಕರಿ ಸವೆಸಿದ ನರ್ಸು; ನರ್ಸನ್ನು ನಮ್ಮ ಕಡೆ ಬಾಯಾರು ಎಂದೇ ಕರೆಯುವುದು. ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಊರು ನವಲಗುಂದದ ಕಡೆಯ ಮೊರಬದಿಂದ ಆಚೆಗಿದೆ. ಮಳೆಯಾದರೆ ಎರೆಮಣ್ಣು ಚಪ್ಪಲಿಯನ್ನು ಕಾಲಿಂದ ಕಿತ್ತುಕೊಳ್ಳುವಂಥ ಊರು. ಬೀಳ್ಕೊಡುಗೆಯ ಸಮಾರಂಭ ಮುಗಿಸಿಕೊಂಡು ಬಂದಾಗಿನಿಂದ ನನ್ನ ತಲೆ ಕೆಟ್ಟಿದೆ. ಅನ್ನ ಸೇರುತ್ತಿಲ್ಲ, ಪೇಪರು ಓದಲು ಮನಸ್ಸಿಲ್ಲ. “ಬರದ್ ಬಿಡ್ರಿ, ಬರದ್ರ ಹೋಗ್ತೈತಿ” ಎಂದಳು ನನ್ನ ಹೆಂಡತಿ. ಹೋಗುವ ಲಕ್ಷಣವೇನೂ ಕಾಣುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಬಾಯಾರ ಹೆಸರು ಹಾಕುವುದಿಲ್ಲ, ಹಾಕಿದರೆ ಅವರು ಮನೆಗೆ ಬಂದು ಬೈಯುತ್ತಾರೆ, ಅವರ ಬೈಗುಳ ಅಷ್ಟು ಸುಲಭಕ್ಕೆ ದಕ್ಕುವಂಥದ್ದಲ್ಲ.

ಎತ್ತರದ, ಒಣಕಲು ಮೈಯ ಹೆಂಗಸು. ಬಳೆಗೆ ಸದಾ ಸೇಫ್ಟಿಪಿನ್ನುಗಳನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಯಾರದೋ ರವಿಕೆಯ ಗುಂಡಿ ಕಿತ್ತಿದ್ದರೆ, ಯಾರದೋ ಕೂಸಿನ ದುಪ್ಪಟಿ ಬಿಚ್ಚಿದ್ದರೆ ಬೈಯುತ್ತಲೇ ಒಂದು ಪಿನ್ನು ತೆಗೆದು ಚುಚ್ಚುವರು. ಊರಿನ ಗಂಡಸರು ಅವರಿಗೆ ಅಂಜುತ್ತಿದ್ದರು. ಹೆರಿಗೆ ಕೋಣೆಯ ಹೊರಗೆ ನಿಂತ ಯಾವನಾದರೂ “ಗಂಡೋ ಹೆಣ್ಣೋ?” ಎಂದು ಕೇಳಿದನೋ, ಅವನ ಗತಿ ಮುಗಿಯಿತು. “ಮೊದಲ ಹೆಂಡ್ತಿ ಹೆಂಗದಾಳ ಕೇಳೋ ಖೋಡಿ. ಕೂಸಿಂದು ಆಮ್ಯಾಲ ಹೇಳ್ತೀನಿ” ಎಂದು ಬಾಗಿಲು ಮುಚ್ಚಿಬಿಡುವರು. ಎಷ್ಟೋ ಜನ ತಂದೆಯಾದ ಸುದ್ದಿ ತಿಳಿಯುವ ಮೊದಲು ಗಂಡನಾಗುವುದನ್ನು ಕಲಿತದ್ದು ಆ ಬಾಗಿಲಿನ ಮುಂದೆಯೇ.

ನನಗೆ ಅವರ ಗುರುತು ಹತ್ತಿರವಾದದ್ದು ಕನ್ನಡದ ಕಾರಣಕ್ಕೆ. ಒಂದು ರವಿವಾರ ಮುಂಜಾನೆ ಇಂಗ್ಲಿಷ್ ಹಾಳೆಗಳನ್ನು ಹಿಡಿದುಕೊಂಡು ಮನೆಗೆ ಬಂದರು.

“ಮಾಸ್ತರ, ಇದನ್ನ ಕನ್ನಡಾ ಮಾಡಿ ಕೊಡ್ರಿ. ನಾ ಪಿಎಚ್‌ಡಿ ಮಾಡಾಕತ್ತೀನಿ.”

ನಾನು ನಕ್ಕೆ. ನಕ್ಕದ್ದು ಹೀಯಾಳಿಸಲಿಕ್ಕಲ್ಲ. ನರ್ಸಿಂಗಿನಲ್ಲೂ ಪಿಎಚ್‌ಡಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ, ಅಷ್ಟೇ. ಚಾಕರಿ ಮಾಡುತ್ತಲೇ, ರಜೆ ಹಾಕಿ, ಬೇಡಿಕೊಂಡು, ಜಗಳಾಡಿ ಅವರು ಒಂದೊಂದೇ ಡಿಗ್ರಿ ಮುಗಿಸಿಕೊಂಡಿದ್ದು ಆಮೇಲೆ ತಿಳಿಯಿತು. ಹೊರದೇಶಗಳಲ್ಲಿ ಹೀಗೆ ಮೇಲಿನವರೆಗೆ ಓದಿದ ನರ್ಸುಗಳು ತಾವೇ ರೋಗಿಯನ್ನು ನೋಡಿ, ತಾವೇ ಔಷಧಿ ಶುರು ಮಾಡಬಹುದಂತೆ. ನಮ್ಮಲ್ಲೂ ಅದರ ಮಾತು ನಡೆದಿದೆಯಂತೆ. ಅವರಿಗೆ ಬೇಕಾದದ್ದು ಅದು. ಪದವಿಯ ಆಸೆ ಎಂದು ಊರು ಆಡಿಕೊಂಡಿತು. ಅವರ ಬಾಜು ಮನೆಯ ಮುದುಕಿಯಂತೂ ಗಾಬರಿಯಾಗಿ, “ನೀ ಡಾಕ್ಟರ್ ಆಗಿ ಖುರ್ಚಿ ಮ್ಯಾಲೆ ಕುಂತಿ ಅಂದ್ರ ನಮಗ ಸೂಜಿ ಮಾಡಾವ್ರು ಯಾರಬೇ?” ಎಂದು ಕೇಳಿದ್ದಳು.

ಬಾಯಾರು ನನಗೆ ಹೇಳಿದ್ದು ಬೇರೆ. “ಡಾಕ್ಟರ್ ಅನ್ನೂ ಹೆಸರು ನನಗ ಬ್ಯಾಡ್ರಿ ಮಾಸ್ತರ. ಫೋನ್ ಹಚ್ಚೂಕಿಂತ ಮೊದಲ ಕೈ ಹಚ್ಚಾಕ ಪರವಾನಗಿ ಬೇಕು. ನರ್ಸ್ ಹೇಳಿದ್ರ ಅದು ಮಾತು. ಡಾಕ್ಟರ್ ಹೇಳಿದ್ರ ಅದು ಆರ್ಡರ್. ಪಿಎಚ್‌ಡಿ ಆಗಿ ಪುಸ್ತಕದಾಗ ಬಂತಂದ್ರ ನನ್ನ ಮಾತೂ ಆರ್ಡರ್ ಆಕ್ಕೈತಿ.”

ಹಾಳೆಯಲ್ಲಿ ಇದ್ದದ್ದು ಪ್ರಶ್ನೆಗಳು. ಹೆರಿಗೆಯಾದ ಮೇಲೆ ಬಾಣಂತಿಯ ಜೀವಕ್ಕೆ ಅಪಾಯ ಬರುವ ಮುಂಚೆ ಅವಳು ಏನು ಹೇಳುತ್ತಾಳೆ, ಹೇಗೆ ಹೇಳುತ್ತಾಳೆ ಎಂಬುದನ್ನು ಅಳೆಯುವ ಪ್ರಶ್ನೆಗಳು. ನಾನು ಹುರುಪಿನಿಂದ ಕುಳಿತೆ. ತಲೆ ಹಗುರಾಗಿ ತೇಲಿದಂತಾಗುತ್ತದೆಯೇ ಎಂಬರ್ಥದ ಒಂದು ಪ್ರಶ್ನೆ ಇತ್ತು. ಅದಕ್ಕೆ ‘ಶಿರೋಭ್ರಮಣೆ ಉಂಟಾಗುತ್ತಿದೆಯೇ?’ ಎಂದು ಬರೆದು, ಅಂಥ ಮಾತು ಹೊಳೆದದ್ದಕ್ಕೆ ನನಗೆ ನಾನೇ ಶಾಭಾಸ್ ಅಂದುಕೊಂಡೆ. ಬಾಯಾರು ಓದಿ, “ಶಿರೋಭ್ರಮಣಿ ಅಂದ್ರ ಯಾವ ದೇವರ ಹೆಸರ್ರಿ ಮಾಸ್ತರ? ಯಾವ ಊರಾಗ ಐತಿ ಗುಡಿ?” ಎಂದರು. ನನ್ನ ಹೆಂಡತಿ ಅಡುಗೆ ಮನೆಯಿಂದಲೇ ನಕ್ಕಳು. “ನಮ್ಮ ಹೆಣ್ಮಕ್ಕಳು ಏನಂತಾರ ಅದನ್ನ ಬರೀರಿ. ಹಗರಾತು ಅಂತಾರ. ಮೈ ಹಗರಾತು ಅಂತಾರ.” ನಾನು ಮುಖ ಗಂಟಿಕ್ಕಿಕೊಂಡು ಹಾಗೇ ಬರೆದೆ.

ಆ ಓದಿನಲ್ಲಿ ಒಂದು ಪದ್ಧತಿ ಉಂಟು. ಒಬ್ಬರು ಕನ್ನಡಕ್ಕೆ ತಂದದ್ದನ್ನು, ಮೂಲವನ್ನು ಕಾಣದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ಒಯ್ಯಬೇಕು. ಎರಡೂ ಇಂಗ್ಲಿಷು ತಾಳೆಯಾದರೆ ಪ್ರಶ್ನೆ ಪಾಸು, ಇಲ್ಲದಿದ್ದರೆ ನಪಾಸು. ಹುಬ್ಬಳ್ಳಿಯ ಒಬ್ಬ ಇಂಗ್ಲಿಷ್ ಉಪನ್ಯಾಸಕರು ಆ ಕೆಲಸ ಮಾಡಿಕೊಟ್ಟರು. ಎಲ್ಲ ಪ್ರಶ್ನೆಗಳೂ ತಮ್ಮ ಮನೆಗೆ ಸರಿಯಾಗಿ ತಿರುಗಿ ಬಂದವು, ಒಂದು ಬಿಟ್ಟು. ‘ಮೈ ಹಗರಾದಂಗ ಅನಸ್ತೈತೇನು?’ ಎಂಬುದು ‘ನಿಮಗೆ ನೆಮ್ಮದಿಯೆನಿಸುತ್ತಿದೆಯೇ?’ ಎಂಬ ಅರ್ಥದ ಇಂಗ್ಲಿಷಾಗಿ ಬಂದಿತ್ತು. ಉಪನ್ಯಾಸಕರದೇನು ತಪ್ಪು? ಹೊರೆ ಇಳಿಸಿದವರು ಹಗರಾತು ಎನ್ನುತ್ತಾರೆ. ಮಗಳ ಮದುವೆ ಮಾಡಿದವರೂ ಹಗರಾತು ಎನ್ನುತ್ತಾರೆ. ಹೆತ್ತವಳು ಅಂದರೆ ನೆಮ್ಮದಿಯೆಂದೇ ಯಾರಾದರೂ ತಿಳಿಯುತ್ತಾರೆ.

ನಾನು ಬಿದ್ದು ಬಿದ್ದು ನಕ್ಕೆ. ತಲೆ ಎತ್ತಿ ನೋಡಿದರೆ ಬಾಯಾರು ನಗುತ್ತಿರಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು.

“ಇದ ನೋಡ್ರಿ ಮಾಸ್ತರ,” ಎಂದರು. “ಇದರಾಗ ನಮ್ಮ ತಂಗಿ ಹೋದ್ಲು.”

ಚೊಚ್ಚಲ ಹೆರಿಗೆಗೆ ತಂಗಿ ತವರಿಗೆ ಬಂದಿದ್ದಳು. ಅಕ್ಕ ಕೆಲಸ ಮಾಡುವ ದವಾಖಾನೆ ಇರುವಾಗ ಬೇರೆ ಕಡೆ ಯಾಕೆಂದು ಅಲ್ಲಿಗೇ ಕರೆತಂದರು. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು. ವೈದ್ಯರು ಸಭೆಗೆಂದು ಪೇಟೆಗೆ ಹೋಗಿದ್ದರು. ಬಾಜುಕ್ಕೆ ಕುಳಿತ ತಾಯಿ ಮಗಳ ತಲೆ ನೇವರಿಸಿ “ಹೆಂಗೈತಿ ಯವ್ವಾ?” ಎಂದು ಕೇಳಿದರು. “ಹಗರಾತಬೇ” ಎಂದಳು ಮಗಳು. ಅಷ್ಟು ಕೇಳಿದ್ದೇ ತಡ, ತಾಯಿ ಎದ್ದು ವಾರ್ಡಿನಲ್ಲೆಲ್ಲ ಸಕ್ಕರೆ ಹಂಚಲು ಹೋದರು. ಬಾಯಾರಿಗೆ ತಂಗಿಯ ಮುಖದ ಬಣ್ಣ ಸರಿಕಾಣಲಿಲ್ಲ. ಹೊಟ್ಟೆ ಒತ್ತುತ್ತಲೇ ವೈದ್ಯರಿಗೆ ಫೋನ್ ಹಚ್ಚಿಸಿದರು. ಬಿ.ಪಿ. ಎಷ್ಟಿದೆ ಎಂದು ಅವರು ಕೇಳಿದರು. ಬಿ.ಪಿ. ಇನ್ನೂ ಸರಿಯಾಗಿಯೇ ಇತ್ತು; ಒಳಗೇ ರಕ್ತ ಹೋಗುವಾಗ ಮೊದಮೊದಲು ಅದು ಸರಿಯಾಗಿಯೇ ಇರುತ್ತದಂತೆ, ಅದೇ ಅದರ ಮೋಸ. ರೋಗಿ ಏನೆನ್ನುತ್ತಾಳೆ ಎಂದು ಕೇಳಿದರು. ಹಗುರಾಯಿತು ಎನ್ನುತ್ತಾಳೆ ಎಂದರು ಇವರು. “ಮತ್ತೇಕೆ ಗಾಬರಿ? ತಂಗಿ ಅಂತ ಹೆದರಿದ್ದೀರಿ. ನಾನು ಬರುವವರೆಗೆ ಕಾಯಿರಿ” ಎಂದರು ಅವರು. ರಕ್ತ ನಿಲ್ಲಿಸುವ ಸೂಜಿ ಟ್ರೇಯಲ್ಲೇ ಇತ್ತು. ಹುಬ್ಬಳ್ಳಿಗೆ ಸಾಗಿಸುವ ಗಾಡಿ ಅಂಗಳದಲ್ಲೇ ಇತ್ತು. ಎರಡಕ್ಕೂ ವೈದ್ಯರ ಅಪ್ಪಣೆ ಬೇಕಿತ್ತು. ಕೊನೆಗೆ ಗಾಡಿ ಹೊರಟಿತು, ಆದರೆ ದಾರಿಯಿಂದಲೇ ತಿರುಗಿ ಬಂದಿತು.

ಇದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕಣ್ಣಲ್ಲಿ ಇತ್ತು. ಅವರ ಮನೆಯಲ್ಲಿ ಚಹಾಕ್ಕೆ ಬೆಲ್ಲವನ್ನೇ ಹಾಕುವುದನ್ನು ಕಂಡು ಅವರ ತಾಯಿಗೆ ಸಕ್ಕರೆ ಕಾಯಿಲೆಯಿರಬೇಕೆಂದು ನಾನು ಎಣಿಸಿದ್ದೆ. ಅಂದಿನಿಂದ ಆ ತಾಯಿ ಮನೆಗೆ ಸಕ್ಕರೆ ತಂದಿಲ್ಲ. ಆ ಹೆಣ್ಣು ಕೂಸನ್ನು ಇವರೇ ಬೆಳೆಸಿದರು. ಅದೀಗ ಕಾಲೇಜಿಗೆ ಹೋಗುತ್ತಿದೆ.

ನಪಾಸಾದ ಪ್ರಶ್ನೆಯನ್ನು ತೆಗೆದುಹಾಕಬೇಕೆಂದು ಅವರ ಗೈಡ್ ಹೇಳಿದರು. ಬಾಯಾರು ಒಪ್ಪಲಿಲ್ಲ. ಉಳಿದ ಪ್ರಶ್ನೆಗಳೆಲ್ಲ ಬೇರೆ ದೇಶದವರು ಮಾಡಿದ್ದು, ಇದೊಂದರ ಮಾತು ಮಾತ್ರ ನಮ್ಮ ಹೆಣ್ಣುಮಕ್ಕಳದು ಎಂದು ಹಟ ಹಿಡಿದರು. ರಜೆ ಸಿಕ್ಕಾಗಲೆಲ್ಲ ಹಳ್ಳಿ ಹಳ್ಳಿ ತಿರುಗಿ, ಹೆತ್ತು ಬದುಕಿದ ಹೆಂಗಸರನ್ನು, ಹೆತ್ತು ಸತ್ತವರ ತಾಯಂದಿರನ್ನು ಕೂರಿಸಿಕೊಂಡು ಆಗ ಏನಂದಿದ್ದಿರಿ, ಅವಳು ಏನಂದಿದ್ದಳು ಎಂದು ಕೇಳಿದರು. ನವಲಗುಂದದಲ್ಲಿ ಜಮಖಾನೆ ನೇಯುವವರ ಮನೆಗಳಿಗೆ ಹೋದರು, ಹತ್ತಿಹೊಲದಲ್ಲಿ ಕಳೆ ತೆಗೆಯುವವರ ಬೆನ್ನ ಹಿಂದೆ ಸಾಲು ಸಾಲು ನಡೆದರು. ಒಮ್ಮೆ ನಾನೂ ಜೊತೆಗಿದ್ದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂಬ ಹೊರದೇಶದ ಪ್ರಶ್ನೆ ಕೇಳಿದರೆ, ಕಳೆ ತೆಗೆಯುವ ಕುರ್ಚಿಗಿ ಹಿಡಿದ ಹೆಂಗಸೊಬ್ಬಳು ಕೆಲಸ ನಿಲ್ಲಿಸದೆ, “ಪಾಸ್ ಆಗಾಕ ಎಷ್ಟ ಬೇಕ್ರಿ ಬಾಯಾರ? ಅಷ್ಟ ಬರಕೋರಿ” ಎಂದಳು. ಆದರೆ ಹಗರಾತು ಎಂಬ ಮಾತು ಎತ್ತಿದ ಕೂಡಲೇ ಅವಳ ಕೈ ನಿಂತಿತು. “ನಮ್ಮ ನೆಗೆಣ್ಣಿ ಹಂಗs ಅಂದಿದ್ಲರಿ,” ಎಂದಳು. “ನಾವು ದೀಪಾ ಹಚ್ಚಿ ಕೈ ಮುಗದ್ವಿ.” ಆಮೇಲೆ ಅವಳು ಮತ್ತೆ ಸಾಲಿಗೆ ಬಾಗಿದಳು.

ವಿಶ್ವವಿದ್ಯಾಲಯದ ಸಮಿತಿಯ ಮುಂದೆ ತಮ್ಮ ಕೆಲಸವನ್ನು ಒಪ್ಪಿಸುವ ದಿನ ಬಂದಾಗ ಬಾಯಾರು ನನ್ನನ್ನು ಎಳೆದುಕೊಂಡು ಹೋದರು. “ನೀವು ಭಾಷಾ ಬಲ್ಲವ್ರು. ಒಂದs ಮಾತಿಗೆ ಎರಡು ಅರ್ಥ ಇರ್ತಾವ ಅಂತ ನೀವs ಬಂದ್ ಹೇಳ್ರಿ. ನನ್ನ ಮಾತು ಕೇಳೂದಿಲ್ಲ ಅವ್ರು” ಎಂದರು. ನಾನು ಕೋಟು ಹಾಕಿಕೊಂಡು ಹೋದೆ. ಶ್ಲೇಷೆ, ಧ್ವನಿ, ದೇಸಿ ಎಂದು ಬಹಳ ಹೊತ್ತು ಮಾತಾಡಿದೆ. ಸಮಿತಿಯವರು ಕೆಟ್ಟವರಲ್ಲ, ಗೌರವದಿಂದಲೇ ಕೇಳಿಸಿಕೊಂಡರು. ಕೊನೆಗೆ ಹಿರಿಯ ಪ್ರಾಧ್ಯಾಪಕರು ಕನ್ನಡಕ ತೆಗೆದು, “ಅಗದಿ ಛಲೋ ವಿಷಯ ಐತ್ರಿ. ಆದ್ರ ಇದನ್ನ ಕನ್ನಡ ವಿಭಾಗಕ್ಕ ಕೊಡಬೇಕು. ನರ್ಸಿಂಗ್‌ನಾಗ ಇದನ್ನ ಹೆಂಗ ಅಳೀತೀರಿ?” ಎಂದರು. ಎಲ್ಲರೂ ನಕ್ಕರು. ನಿಷ್ಕಪಟ ನಗೆಯೇ. ಆದರೆ ಆ ನಗೆಯಲ್ಲಿ ಬಾಯಾರ ಬಣ್ಣ ಇಳಿದುಹೋದದ್ದನ್ನು ನಾನು ಕಂಡೆ. ಅದೊಂದು ಪ್ರಶ್ನೆ ತೆಗೆದು, ಎಲ್ಲರೂ ಒಪ್ಪಿದ ಅಳತೆಗೋಲನ್ನು ಇಟ್ಟುಕೊಂಡರೆ ಬೇಗನೇ ಮುಗಿಸಬಹುದು, ಇಲ್ಲವಾದರೆ ಅವಧಿ ಮೀರುತ್ತದೆ ಎಂದು ತಿಳಿಹೇಳಿ ಕಳಿಸಿದರು.

ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ರೊಟ್ಟಿ ಬಿಚ್ಚಿದೆವು. ನನಗೆ ಸಮಿತಿಯವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ವ್ಯವಹಾರ ಬಲ್ಲವರು ಹೇಳುವುದನ್ನೇ ನಾನೂ ಹೇಳಿದೆ: “ತಗದ್ ಬಿಡ್ರಿ ಬಾಯಾರ. ಮೊದಲ ಡಿಗ್ರಿ ಕೈಗೆ ಬರಲಿ. ಆಮ್ಯಾಲ ಅದನ್ನ ಹಿಡಕೊಂಡು ಏನ್ ಬೇಕಾದ್ರೂ ಮಾಡೂಣು.”

ಅವರು ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತಿ, ತಿನ್ನದೆ ಹಾಗೇ ಹಿಡಿದುಕೊಂಡು ಕುಳಿತರು.

“ಅದೊಂದ ತಗದ್ರ, ಉಳದ ಪ್ರಶ್ನಿಗೆಲ್ಲಾ ನಮ್ಮ ತಂಗಿ ಪಾಸ್ ಆಕ್ಕಾಳ್ರಿ ಮಾಸ್ತರ,” ಎಂದರು. “ಬಿ.ಪಿ. ಸರಿ ಇತ್ತು. ನೋವು ಇರಲಿಲ್ಲ. ಮಾತಾಡ್ತಿದ್ಲು. ನನ್ನ ಕಾಗದದಾಗ ಆಕಿ ಇವತ್ತಿಗೂ ಆರಾಮ ಅದಾಳ. ಅಂಥಾ ಕಾಗದ ತಗೊಂಡು ನಾ ಡಾಕ್ಟರ್ ಆಗ್ಲೇನ್ರಿ?”

ನಾನು ಮಾತು ಕಲಿಸಿ ಹೊಟ್ಟೆ ಹೊರೆದವನು. ಅವತ್ತು ರೊಟ್ಟಿಯ ಬುತ್ತಿ ಕಟ್ಟಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಕುಳಿತಿದ್ದರು.

ಅವಧಿ ಮೀರಿತು. ಒಮ್ಮೆ ಹೆಚ್ಚಿನ ಅವಧಿ ಕೊಟ್ಟರು, ಅದೂ ತೀರಿತು. ಅಷ್ಟರಲ್ಲಿ ಗೈಡ್ ನಿವೃತ್ತರಾದರು; ಇವರ ಹಟದ ಸುದ್ದಿ ಕೇಳಿದ್ದ ಬೇರೆ ಯಾರೂ ಇವರನ್ನು ಕೈಗೆತ್ತಿಕೊಳ್ಳಲಿಲ್ಲ. ಇವರು ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಕೇಳಿದರು. ಯಾರ ಮುಂದೂ ತಲೆ ಬಾಗದ ಹೆಂಗಸು, ಯಾರೋ ಪರಿಚಯವಿಲ್ಲದವರ ಅಂಗಳದಲ್ಲಿ ಅವರ ಊಟ ಮುಗಿಯಲೆಂದು ಚೀಲ ಹಿಡಿದು ನಿಂತಿದ್ದರಂತೆ. ಪಿಎಚ್‌ಡಿಯ ನೋಂದಣಿ ರದ್ದಾದ ದಿನ ಅವರು ಬಸ್ಸಿಳಿದವರೇ ಮನೆಗೆ ಹೋಗಿ ಸೀರೆ ಬದಲಿಸಿ ಡ್ಯೂಟಿಗೆ ಹೋದರು. ಮರುದಿನ ದಾರಿಯಲ್ಲಿ ಸಿಕ್ಕಾಗ ನಾನು, ಬುದ್ಧಿಗೇಡಿ, ರೂಢಿಯಂತೆ “ಆರಾಮ್ರೇನು?” ಎಂದು ಕೇಳಿಬಿಟ್ಟೆ. “ಆರಾಮ್ರಿ” ಎಂದು ಹೇಳಿ ಹೋದರು. ಅವರ ಬಾಯಲ್ಲಿ ಆ ಮಾತು ಉತ್ತರವಾಗಿ ಕೇಳಿದ್ದು ಅದೊಂದೇ ಸಲ.

ಆದರೂ ಕೇಳುವುದನ್ನು ಬಿಡಲಿಲ್ಲ. ದವಾಖಾನೆಗೆ ಹೊಸ ವೈದ್ಯರು ಬಂದಾಗಲೆಲ್ಲ ಅವರ ಮುಂದೆ ನಿಂತು ಅದೇ ಬೇಡಿಕೆ: ಬಾಣಂತಿ ಹಗರಾತು ಅಂದ ಕೂಡಲೇ, ಫೋನಿಗೆ ಕಾಯದೆ, ನರ್ಸು ಔಷಧಿ ಶುರು ಮಾಡಿ ಗಾಡಿ ಹೊರಡಿಸಲು ಅಪ್ಪಣೆ ಕೊಡಬೇಕು. ಹೊಸ ನರ್ಸುಗಳಿಗೂ ಒಂದೇ ಪಾಠ: “ಮೊದಲ ಮಾತು ಕೇಳ್ರಿ, ಆಮ್ಯಾಲ ಬಟ್ಟಿ ನೋಡ್ರಿ, ಮಷಿನ್ ನೋಡೂದು ಕಡೀಕ.” ಹುಡುಗಿಯರು ತಲೆಯಾಡಿಸುವರು. ಅವರಿಗೆ ಬೇರೆ ಕಡೆ ವರ್ಗ ಬೇಕಿರುತ್ತಿತ್ತು, ಸಿಕ್ಕ ಕೂಡಲೇ ಹೋಗುವರು.

ಅಳ್ನಾವರದ ಕಡೆಯ ಒಬ್ಬ ತರುಣ ವೈದ್ಯ ಮಾತ್ರ ಅವರನ್ನು ಕೂರಿಸಿಕೊಂಡು ಪೂರ್ತಿ ಕೇಳಿದ. “ಮಾಡ್ರಿ ಬಾಯಾರ, ನಾ ಅದೀನಿ” ಎಂದ. ಅವನಿದ್ದ ಕಾಲದಲ್ಲಿ ಹತ್ತಿ ಬಿಡಿಸುವ ಒಬ್ಬ ಹೆಂಗಸು ಹೆತ್ತು, ನಕ್ಕು, ಹಗರಾತ್ರಿ ಎಂದಳು. ಬಾಯಾರು ಯಾರನ್ನೂ ಕೇಳಲಿಲ್ಲ. ಅವಳು ಹುಬ್ಬಳ್ಳಿ ಮುಟ್ಟಿದಳು, ಬದುಕಿದಳು, ಕೂಸನ್ನು ಎತ್ತಿಕೊಂಡು ತಿರುಗಿ ಬಂದಳು. ಆ ದಿನ ಬಾಯಾರು ನಮ್ಮ ಮನೆಗೆ ಬಂದು, ಕುಳಿತುಕೊಳ್ಳದೆ, ನನ್ನ ಹೆಂಡತಿಯ ಎರಡೂ ಕೈ ಹಿಡಿದುಕೊಂಡು ನಿಂತರು. ನನಗೂ ಅವರ ಓದು ವ್ಯರ್ಥವಾಗಲಿಲ್ಲವೆನ್ನಿಸಿತು. ಆ ವೈದ್ಯನಿಗೆ ಬೇಗನೇ ವರ್ಗವಾಯಿತು. ಅವನ ಅಪ್ಪಣೆ ಬಾಯಿಮಾತಿನದು, ಅವನ ಜೊತೆಗೇ ಹೋಯಿತು.

ಅವನ ನಂತರ ಬಂದ ವೈದ್ಯಾಧಿಕಾರಿಗಳು ಈಗಲೂ ಇದ್ದಾರೆ. ಒಳ್ಳೆಯವರೇ, ಆದರೆ ಎಲ್ಲದಕ್ಕೂ ಬೆನ್ನು ಕಾಯ್ದುಕೊಳ್ಳುವವರು. “ನಿಮಗ ಹಂಗ ಮಾಡೂ ಅಧಿಕಾರ ಎಲ್ಲೈತ್ರಿ ಸಿಸ್ಟರ್? ಪಿಎಚ್‌ಡಿನೂ ಮುಗಸಿಲ್ಲಂತ. ನಾಳೆ ಏನರೆ ಆದ್ರ ಉತ್ತರ ಕೊಡಾವ್ರು ಯಾರು?” ಎಂದರಂತೆ. ಬಾಯಾರು, “ಹಿಂದ ಆದದ್ದಕ್ಕ ಯಾರ್ ಕೊಟ್ಟಾರ್ರಿ?” ಎಂದು ಕೇಳಿ ಹೊರಗೆ ಬಂದರಂತೆ. ಆಮೇಲೆ ನಿವೃತ್ತಿಯಾಗುವವರೆಗೂ ಅವರು ತಮ್ಮ ರಜೆಗಳನ್ನು ಬಳಸಲಿಲ್ಲ. ತಾವು ಕೋಣೆಯಲ್ಲಿದ್ದರೆ ಯಾರಿಗೂ ಏನೂ ಆಗದು ಎಂಬ ಹಾಗೆ ಅಲ್ಲೇ ಇದ್ದರು. ಜ್ವರವಿದ್ದರೂ ಬರುವರು, ಮನೆಯಲ್ಲಿ ಹಬ್ಬವಿದ್ದರೂ ಬರುವರು. ಡ್ಯೂಟಿ ಇಲ್ಲದ ದಿನವೂ ಮಧ್ಯಾಹ್ನ ಒಂದು ಸುತ್ತು ಬಂದು ಯಾರು ಹೆತ್ತರು, ಏನಂದರು ಎಂದು ಕೇಳಿ ಹೋಗುವರು. ಊರು ಅದನ್ನು ಸೇವಾಭಾವ ಎಂದು ಹೊಗಳಿತು. ನನಗೆ ಅದು ಹೆದರಿಕೆ ಎಂದು ಗೊತ್ತಿತ್ತು.

ಮೊನ್ನೆ ದವಾಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಬೀಳ್ಕೊಟ್ಟರು. ಅವರ ಕೈಯಲ್ಲಿ ಹುಟ್ಟಿದವರೇ ಅರ್ಧ ಊರು, ಕೂರಲು ಜಾಗವಿರಲಿಲ್ಲ. ಮಾತಾಡಿದವರೆಲ್ಲ ತಾಯಿಯಂಥವರು, ದೇವರಂಥವರು ಎಂದರು. ಪಂಚಾಯ್ತಿಯ ಹಿರಿಯರೊಬ್ಬರು ಅವರನ್ನು ಡಾಕ್ಟರ್ ಎಂದು ಕರೆದು, ಹಳ್ಳಿಯ ನರ್ಸೊಬ್ಬಳು ಪಿಎಚ್‌ಡಿ ಮಾಡಿದ್ದು ಊರಿಗೆ ಹೆಮ್ಮೆ ಎಂದರು. ಬಾಯಾರು ಕುಳಿತಲ್ಲಿಂದಲೇ “ಇಲ್ರಿ, ಆಗಲಿಲ್ರಿ” ಎಂದರು. ಮೈಕಿನ ಗದ್ದಲದಲ್ಲಿ ಅದು ಅವರಿಗೆ ಕೇಳಿಸಲಿಲ್ಲ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎರಡು ಮಾತಾಡಿ ಎಂದರು.

ಬಾಯಾರು ಮೈಕಿನ ಮುಂದೆ ಬಂದು ನಿಂತರು. ಜನರ ಕಡೆ ನೋಡಲಿಲ್ಲ, ವೈದ್ಯಾಧಿಕಾರಿಗಳ ಕಡೆ ತಿರುಗಿದರು.

“ಸಾಹೇಬ್ರ, ಒಳಗ ಇಬ್ರು ದಿನ ತುಂಬಿದಾವ್ರು ಮಲಗ್ಯಾರ. ನಾಳೆ ಹೆರಿಗಿ ಖೋಲ್ಯಾಗ ಯಾರ್ ಇರ್ತಾರ್ರಿ?”

ವೈದ್ಯಾಧಿಕಾರಿಗಳು ನಗುಮುಖದಿಂದ, “ನಿಮ್ಮ ಜಾಗಾಕ್ಕ ಮ್ಯಾಲಿಂದ ಆರ್ಡರ್ ಬರಬೇಕ್ರಿ. ಬರ್ತಾರ, ಯಾರರೆ ಬರ್ತಾರ” ಎಂದರು.

“ಅವ್ರು ಬರೂಮಟಾ ಯಾರ್ ಇರ್ತಾರ್ರಿ?”

ವೈದ್ಯಾಧಿಕಾರಿಗಳು ಪಕ್ಕದವರ ಮುಖ ನೋಡಿದರು. ಪಕ್ಕದವರು ಗಡಿಯಾರ ನೋಡಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಯಾರಿಗೋ ಬಾಯಾರ ಮಾತು ಮುಗಿಯಿತೆನ್ನಿಸಿರಬೇಕು, ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಬಾಜುದವರು ತಟ್ಟಿದರು, ಆಮೇಲೆ ಇಡೀ ಅಂಗಳವೇ ತಟ್ಟಿತು. ನಾನೂ ತಟ್ಟಿದೆ. ಬಾಯಾರು ಮೈಕು ಹಿಡಿದುಕೊಂಡು ಉತ್ತರಕ್ಕೆ ಇನ್ನೂ ಕಾಯುತ್ತಲೇ ಇದ್ದರು.